ಹಲ್ಲಿನ ಕುರ್ಚಿ

"ಕುರ್ಚಿ ಎಲ್ಲೈತಿ ತೋರಸ್ರಿ," ಎಂದಳು ಸಂಗಮ್ಮ, ಅಂಗಡಿಯ ಮೆಟ್ಟಿಲ ಮೇಲೆ ನಿಂತು.

ವಕಾರ್ ತಲೆಯೆತ್ತಿ ನೋಡಿದ. ರಸೆಲ್ ಮಾರ್ಕೆಟ್ ಹಿಂದಿನ ಈ ಓಣಿಯಲ್ಲಿ ಆಸ್ಪತ್ರೆ ಸಾಮಾನು ರಿಪೇರಿ ಮಾಡುತ್ತ ಅವನಿಗೆ ಇಪ್ಪತ್ತೆರಡು ವರ್ಷವಾಗಿತ್ತು. ಡಾಕ್ಟರರ ಕಡೆಯವರು ಬರುತ್ತಿದ್ದರು, ಗುಮಾಸ್ತರು ಬರುತ್ತಿದ್ದರು. ರೋಗಿಯೊಬ್ಬಳು ಕುರ್ಚಿಯನ್ನು ಹುಡುಕಿಕೊಂಡು ಬಂದದ್ದು ಇದೇ ಮೊದಲು.

"ಯಾವ ಕುರ್ಚಿ ಅಮ್ಮಾ?"

"ಹಲ್ಲಿಂದು. ನಮ್ಮೂರ ಸರ್ಕಾರಿ ದವಾಖಾನಿದು."

ಆಕೆ ಸೆರಗಿನ ಗಂಟಿನಿಂದ ಚೀಟಿ ತೆಗೆದಳು. ಅಲ್ಲಿನ ಜವಾನ ಮಾನಪ್ಪ ಅಂಗಡಿಯ ವಿಳಾಸ ಬರೆದುಕೊಟ್ಟಿದ್ದ. ಊರು ರಾಯಚೂರಿನ ಆಚೆ. ರೈಲಿನಲ್ಲಿ ಕೂತೇ ಬಂದು, ರಾಮಮೂರ್ತಿ ನಗರದ ತಂಗಿಯ ಮನೆಯಲ್ಲಿ ಒಂದು ಲೋಟ ಚಹಾ ಕುಡಿದು, ಎರಡು ಬಸ್ಸು ಬದಲಿಸಿ ಶಿವಾಜಿನಗರದಲ್ಲಿ ಇಳಿದಿದ್ದಳು.

ಮೂರು ತಿಂಗಳ ಹಿಂದೆ, ಮಂಗಳವಾರಕ್ಕೊಮ್ಮೆ ಬರುವ ಡಾಕ್ಟರಮ್ಮ ಆಕೆಯ ದವಡೆ ಹಲ್ಲು ಕೊರೆದು, ಹತ್ತಿ ತುಂಬಿ, ಮುಂದಿನ ವಾರ ಬಾ, ಹಲ್ಲು ಉಳಿಸೋಣ ಎಂದಿದ್ದರಂತೆ. ಮುಂದಿನ ವಾರ ಹೋದರೆ ಕುರ್ಚಿಯೇ ಇರಲಿಲ್ಲ. ರಿಪೇರಿಗೆ ಬೆಂಗಳೂರಿಗೆ ಹೋಗಿದೆ ಎಂದರು. ಅಂದಿನಿಂದ ಪ್ರತಿ ಮಂಗಳವಾರ ಹೋಗಿ, ಖಾಲಿ ಕೋಣೆ ನೋಡಿ ಬರುತ್ತಿದ್ದಳು. ಹತ್ತಿ ಇನ್ನೂ ಬಾಯಲ್ಲೇ ಇತ್ತು.

"ನೋವು ಜಾಸ್ತಿನಾ?"

"ಮೊದ್ಲು ಇತ್ರಿ. ಈಗ ಏನೂ ಗೊತ್ತಾಗಂಗಿಲ್ಲ. ಈ ಕಡಿ ಪೂರಾ ಜೋಮು ಹಿಡದೈತಿ." ಬೇರೆ ಯಾರದೋ ಕೆನ್ನೆಯ ಸಂಗತಿ ಎಂಬಂತೆ ಹೇಳಿದಳು.

"ಇಲ್ಲೇ ದೊಡ್ಡಾಸ್ಪತ್ರೆ ಇದ್ಯಲ್ಲಮ್ಮಾ, ಅಲ್ಲೇ ತೋರಿಸ್ಬಿಡಿ."

"ತಂಗಿ ಕೇಳ್ಯಾಳ್ರಿ. ನಾಕು ಸಲ ಬರ್ಬೇಕಂತ. ಕೂಲಿ ಬಿಟ್ಟು ನಾಕು ಸಲ ಹ್ಯಾಂಗ ಬರ್ಲಿ? ಮತ್ತ ನಾ ಒಬ್ಬಾಕಿ ಅಲ್ಲ. ಹಿಂಗ ಹತ್ತಿ ಇಟ್ಗೊಂಡು ಇನ್ನ ಆರು ಮಂದಿ ಕುಂತಾರ. ನೀವು ಕುರ್ಚಿ ಕಳಿಸ್ರಿ, ಸಾಕು."

ವಕಾರ್‌ಗೆ ನಾಚಿಕೆಯಾಯಿತು. ತಪ್ಪು ಅವನದಲ್ಲದಿದ್ದರೂ ಆಯಿತು. ಕುರ್ಚಿ ಸರಿಹೋಗಿ ಎರಡು ತಿಂಗಳಾಗಿತ್ತು. ತಗೊಂಡು ಹೋಗಿ ಎಂದು ಫೋನ್ ಮಾಡಿ ಮಾಡಿ ಸಾಕಾಗಿ ಸುಮ್ಮನಾಗಿದ್ದ. ಎದ್ದು, ಮೂಲೆಯಲ್ಲಿದ್ದ ಅದರ ಮೇಲಿನ ಪ್ಲಾಸ್ಟಿಕ್ ಹಾಳೆ ಎಳೆದ. ಸಂಗಮ್ಮ ಗುರುತು ಹಿಡಿದಳು. ಕೈ ಇಡುವಲ್ಲಿ ಹರಿದ ರೆಕ್ಸಿನ್‌ಗೆ ಹಾಕಿದ್ದ ತೇಪೆಯನ್ನು ಮುಟ್ಟಿ ನೋಡಿದಳು.

"ನಡೀತೈತೇನ್ರಿ?"

"ಕೂತ್ಕೊಳ್ಳಿ, ತೋರಿಸ್ತೀನಿ."

ಪರೀಕ್ಷೆಗೆಂದು ಜೋಡಿಸಿದ್ದ ನೀರಿನ ಪೈಪು ಹಾಗೇ ಇತ್ತು. ಆಕೆ ಚಪ್ಪಲಿ ಬಿಟ್ಟು ಹತ್ತಿ ಕೂತಳು. ವಕಾರ್ ಗುಂಡಿ ಒತ್ತಿದ. ಕುರ್ಚಿಯ ಬೆನ್ನು ಮೆಲ್ಲಗೆ ಹಿಂದಕ್ಕೆ ವಾಲಿತು, ತಲೆಯ ಮೇಲೆ ದೀಪ ಹತ್ತಿತು. ಯಾರೂ ಹೇಳದಿದ್ದರೂ ಆಕೆ ಬಾಯಿ ತೆರೆದಳು. ಒಳಗೆ ಕಪ್ಪಾದ ಹತ್ತಿ ಕಾಣಿಸಿತು. ವಕಾರ್ ಮುಖ ತಿರುಗಿಸಿ, ಆ ಆಸ್ಪತ್ರೆಯ ಆಫೀಸಿಗೆ ಫೋನ್ ಮಾಡಿದ.

"ಸಾರ್, ಚೇರ್ ರೆಡಿ ಇದೆ. ನೀವು ಗಾಡಿ ಕಳಿಸೋದೇ ಬೇಡ, ನಮ್ಮ ಅಹ್ಮದ್ ಪಾಷಾ ಟೆಂಪೋಲಿ ಹಾಕ್ಕೊಂಡು ನಾನೇ ತಂದ್ಬಿಡ್ತೀನಿ. ನಾಳೇನೇ."

ಆ ಕಡೆಯ ಗುಮಾಸ್ತ ಅವಸರವಿಲ್ಲದೆ ಹೇಳಿದ. "ತಂದು ಏನ್ಮಾಡ್ತೀರಿ? ಕುರ್ಚಿ ಇಲ್ದಲ್ಲಿ ಡಾಕ್ಟ್ರು ಯಾಕಂತ ಮ್ಯಾಲಿನವ್ರು ಕೇಳಿದ್ರು. ಡಾಕ್ಟ್ರಮ್ಮಂಗ ಹೋದ ವಾರ ವರ್ಗ ಆತು. ಈಗ ಡಾಕ್ಟ್ರು ಇಲ್ದಲ್ಲಿ ಕುರ್ಚಿ ಯಾಕ? ನಿಮ್ಮಲ್ಲೇ ಇರ್ಲಿ ಬಿಡ್ರಿ."

ಸಂಗಮ್ಮ ಬಾಯಿ ತೆರೆದುಕೊಂಡೇ ಅವನನ್ನು ನೋಡುತ್ತಿದ್ದಳು. ಸುಳ್ಳು ಹೇಳಲು ಅವನಿಗೆ ಮನಸ್ಸು ಬರಲಿಲ್ಲ. ಕೇಳಿದ್ದನ್ನು ಕೇಳಿದ ಹಾಗೆಯೇ ಹೇಳಿದ.

ಆಕೆ ಬಾಯಿ ಮುಚ್ಚಿ ದೀಪವನ್ನೇ ನೋಡುತ್ತ ಮಲಗಿದ್ದಳು. ಓಣಿಯಲ್ಲಿ ಯಾರೋ ಕೋಳಿ ಬುಟ್ಟಿ ಇಳಿಸುತ್ತಿದ್ದರು.

"ಲೈಟ್ ಆರಿಸ್ಲಾ ಅಮ್ಮಾ?"

"ಇರ್ಲಿ ತಡೀರಿ. ಬಾಯಿ ಮುಕ್ಕಳಿಸ್ಲೇನು?"

ಪಕ್ಕದಲ್ಲಿ ನೀರು ತುಂಬಿದ್ದ ಗ್ಲಾಸೆತ್ತಿ, ಬಾಯಿ ಮುಕ್ಕಳಿಸಿ, ಕುರ್ಚಿಗೇ ಜೋಡಿಸಿದ್ದ ಬೋಗುಣಿಗೆ ಉಗುಳಿದಳು. ನೀರು ಅದರಲ್ಲಿ ಒಂದು ಸುತ್ತು ತಿರುಗಿ ಇಳಿದುಹೋಯಿತು. ಜೋಮು ಹಿಡಿದ ಕಡೆಯಿಂದ ಗದ್ದಕ್ಕೆ ಹರಿದ ನೀರು ಆಕೆಗೆ ಗೊತ್ತಾಗಲಿಲ್ಲ. ಖಾಲಿ ಗ್ಲಾಸನ್ನು ನಳದ ಕೆಳಗೆ ಅದರ ಜಾಗದಲ್ಲಿಟ್ಟಳು. ಸಣ್ಣ ನಳ ತಾನಾಗಿ ತೆರೆದುಕೊಂಡು ಗ್ಲಾಸನ್ನು ತುಂಬಿಸಿ, ಅಂಚಿಗಿಂತ ಒಂದು ಬೆರಳು ಕೆಳಗೆ ಸರಿಯಾಗಿ ನಿಂತಿತು.