ತಿಳಿಯಾದ ಕಟ್ಟೆ

ರೂಪ ಊರ ಕಟ್ಟೆಯ ನೀರಿಗೆ ಕಡ್ಡಿ ಅದ್ದಿ ಎತ್ತಿದಳು. ಎಳೆ ಎಳೆಯಾಗಿ ಜೋತುಬಿದ್ದಿದ್ದರೆ ಹಸಿರು ಪಾಚಿ, ಹೆದರಬೇಕಿರಲಿಲ್ಲ. ಕಲ್ಲಿಗೆ ಲೋಳೆಯಾಗಿ ಅಂಟುವ, ಗಾಜಿನ ಚಿಪ್ಪಿನ ಡಯಾಟಮ್ ಆಗಿದ್ದರೂ ಸರಿಯೇ. ಕೆಂಪು, ಕಂದು ಪಾಚಿಗಳು ಬಹುಪಾಲು ಕಡಲಿನವು. ರಾಮಾಪುರದಾಚೆಯ ಈ ಒಣನೆಲಕ್ಕೆ ಅವುಗಳ ಸುದ್ದಿಯೇ ಇಲ್ಲ. ಆದರೆ ಕಡ್ಡಿ ಬಣ್ಣ ಬಳಿದಂತೆ ಮೇಲೆ ಬಂತು. ನೀಲಿ-ಹಸಿರು. ಪಾಚಿಯ ವೇಷದ ಬ್ಯಾಕ್ಟೀರಿಯಾ ಅದು, ಒಡಲಲ್ಲಿ ವಿಷ ಇಟ್ಟುಕೊಂಡಿರಬಲ್ಲದು. ಕೊಳ್ಳೇಗಾಲದಲ್ಲಿ ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದ ಅವಳಿಗೆ ಅಷ್ಟು ಗೊತ್ತಿತ್ತು.

ಮೇಲಿನ ಕೋಳಿ ಫಾರಂನ ಗೊಬ್ಬರ ಮಳೆನೀರಿನಲ್ಲಿ ಇಳಿದು ಅದನ್ನು ಸಾಕಿತ್ತು. ದನ ಕುಡಿಯುವ ತೊಟ್ಟಿಯ ಮೋಟಾರು ಸುಟ್ಟು ಹದಿನೈದು ದಿನ. ಅವ್ವ ಪುಟ್ಟಗೌರಮ್ಮನ ಏಳು ಮೇಕೆಗೆ ಮನೆಯ ನಾಲ್ಕು ಬಿಂದಿಗೆಯಲ್ಲೇ ಹಂಚಿಕೆ.

ಪಂಚಾಯಿತಿ ಕಚೇರಿಯಲ್ಲಿ ಸಾಹೇಬರು ನಕ್ಕರು. "ಪಾಚಿ ಅಂದ್ರೆ ಪಾಚಿ ಕಣಮ್ಮ. ಅದರಲ್ಲೂ ಜಾತಿ ಹುಡುಕ್ತೀಯಾ?"

"ಇದು ಕೊಲ್ತದೆ ಸಾ."

"ಬರ್ದು ಕೊಡು."

ಎರಡು ಪುಟ ಬರೆದುಕೊಟ್ಟಳು. ಔಷಧಿ ಸುರಿಯಬೇಡಿ, ಆ ಬ್ಯಾಕ್ಟೀರಿಯಾ ಸತ್ತರೆ ಅದರ ಒಡಲು ಒಡೆದು ವಿಷವೆಲ್ಲ ನೀರಿಗೆ ಬರುತ್ತದೆ. ಬೇಲಿ ಹಾಕಿ, ಮೋಟಾರು ರಿಪೇರಿ ಮಾಡಿಸಿ ಎಂದು. ಕಚೇರಿ ಓದಿದ್ದು ಒಂದೇ ಸಾಲು: 'ವಿಷಯ: ಕಟ್ಟೆಯಲ್ಲಿ ಪಾಚಿ'. ಬಡವರ ಅರ್ಜಿಯಲ್ಲಿ ಅದಕ್ಕಿಂತ ಮುಂದೆ ಓದುವ ಕಣ್ಣು ಯಾವ ಕುರ್ಚಿಗೂ ಇಲ್ಲ.

ನಾಲ್ಕನೇ ದಿನ ಸಂಜೆ ಅವಳು ಬಸ್ಸಿಳಿದಾಗ ನೀರುಗಂಟಿ ಮಾದಸ್ವಾಮಿ ಎದುರಾದ. ಅವನ ಅಂಗೈ ನೀಲಿಗಟ್ಟಿತ್ತು.

"ಎರಡು ಮೂಟೆ ಮೈಲುತುತ್ತ ಸುರುದ್ನವ್ವ. ನಿನ್ನರ್ಜಿ ಕೆಲ್ಸ ಆಯ್ತು."

"ಅಯ್ಯೋ ಮಾಮ, ಬ್ಯಾಡ ಅಂತ ಬರ್ದಿದ್ನಲ್ಲಾ!"

"ನಂಗೇನ್ ಗೊತ್ತವ್ವ? ಆಕು ಅಂದ್ರು, ಆಕ್ದೆ."

ಎರಡು ದಿನಕ್ಕೆ ತಳದ ಕಲ್ಲು ಕಾಣುವಷ್ಟು ತಿಳಿಯಾಯಿತು ನೀರು. ಊರು ರೂಪಳನ್ನು ಹೊಗಳಿತು. ವಿಷಕ್ಕೆ ಈಗ ಬಣ್ಣವೇ ಇರಲಿಲ್ಲ, ತೋರಿಸುವುದೇನನ್ನು?

ಮೇಕೆ ಹೊಡೆದುಕೊಂಡು ಬಂದ ಅವ್ವನಿಗೆ ಅಡ್ಡ ನಿಂತಳು. "ಇನ್ನೆರಡು ವಾರ ಬ್ಯಾಡ ಕಣವ್ವ."

"ಹಸುರಿದ್ರೂ ಬ್ಯಾಡ, ತಿಳಿಯಾದ್ರೂ ಬ್ಯಾಡ! ನಿನ್ ಪುಸ್ತಕ ಇಂಡಿ ಕುಡುಸ್ಲಾ? ಬಿಂದಿಗೆ ಒತ್ತು ಒತ್ತು ನನ್ ಸೊಂಟ ಬಿದ್ದೋಗದೆ."

ರೂಪ ಎರಡೂ ಕೈ ಅಗಲಿಸಿ ಅಡ್ಡ ಹಿಡಿದಳು. ಬಾಯಾರಿದ ಮೇಕೆಗಳು ಅವಳ ಆಚೀಚೆ ನುಗ್ಗಿದವು. ಒಂದನ್ನು ಕೊಂಬು ಹಿಡಿದು ಎಳೆಯುವಷ್ಟರಲ್ಲಿ ಆರು ಮೂತಿ ನೀರಲ್ಲಿದ್ದವು.

ಸಂಜೆ ಗಬ್ಬದ ಮೇಕೆ ಮೊದಲು ಬಿತ್ತು. ಕಾಲು ಬಡಿಯತೊಡಗಿತು. ಅವ್ವ ತಲೆಯನ್ನು ಮಡಿಲಿಗೆಳೆದುಕೊಂಡು ಮಜ್ಜಿಗೆ ಹೊಯ್ದಳು. ಕಟವಾಯಿಯಲ್ಲಿ ಹೊರಗೆ ಸುರಿಯಿತು.

"ಓದಿದ್ದೀಯಲ್ಲ ಮಗಾ, ಏನ್ ಕುಡುಸ್ಬೇಕು ಯೋಳು."

ರೂಪಳಿಗೆ ವಿಷದ ಹೆಸರು ಗೊತ್ತಿತ್ತು. ಅದು ಯಕೃತ್ತನ್ನು ಹೇಗೆ ತಿನ್ನುತ್ತದೆಂದು ಗೊತ್ತಿತ್ತು. ಅದಕ್ಕೆ ಮದ್ದಿಲ್ಲವೆಂಬುದೂ ಗೊತ್ತಿತ್ತು.

ಅವ್ವ ಇನ್ನೊಂದು ಲೋಟ ಮಜ್ಜಿಗೆ ತರಲು ಎದ್ದಳು. ರೂಪ ತಡೆಯಲಿಲ್ಲ.