ಸತ್ತವರ ಹೆಸರುಗಳು

ಮಾಂಡಲೆಯ ರೈಲು ನಿಲ್ದಾಣದ ಹಿಂದಿನ ಬೀದಿಯಲ್ಲಿದ್ದ ತನ್ ಲ್ವಿನ್‌ನ ಹಳೆ ಪುಸ್ತಕದಂಗಡಿಯನ್ನು ಜನ ರಾಜರ ಅಂಗಡಿ ಎಂದೇ ಕರೆಯುತ್ತಿದ್ದರು. ಕಥೆ ಕಾದಂಬರಿ ಕೇಳಿಕೊಂಡು ಬಂದವರನ್ನು ಅವನು ಪಕ್ಕದ ಬೀದಿಗೆ ಸಾಗಹಾಕುತ್ತಿದ್ದ. ಅವನ ಕಪಾಟುಗಳಲ್ಲಿದ್ದುದು ಪಗಾನಿನ ಅರಸರು ತೆರಿಗೆ ಎತ್ತುತ್ತಿದ್ದ ರೀತಿ, ಆವಾದ ದಂಡಯಾತ್ರೆಗಳು, ಇಂಗ್ಲಿಷರು ಕೊನೆಯ ಅರಸನನ್ನು ಊರು ಬಿಡಿಸಿದ ವೃತ್ತಾಂತ, ಜಪಾನೀಯರ ಯುದ್ಧ, ಅಕ್ಕಪಕ್ಕದ ದೇಶಗಳಲ್ಲಿ ಎದ್ದು ಬಿದ್ದ ಸರ್ಕಾರಗಳು. ಹೆಂಡತಿ ನ್ವೆ ಯಿ ಹಿಂಬದಿಯಲ್ಲಿ ಕೂತು ಹರಿದ ಪುಟಗಳಿಗೆ ಗೋಂದು ಹಚ್ಚುತ್ತಿದ್ದಳು. ಅವಳು ಆ ಪುಸ್ತಕಗಳಲ್ಲಿ ಒಂದನ್ನೂ ಓದಿದವಳಲ್ಲ. ಆದರೆ ಗಂಡ ಗಿರಾಕಿಗಳ ಜೊತೆ ವಾದಕ್ಕೆ ಬಿದ್ದಾಗಲೆಲ್ಲ ಕಿವಿಗೆ ಬಿದ್ದದ್ದು ಕಡಿಮೆಯೇನಿರಲಿಲ್ಲ. ಮದುವೆಯಾದಂದಿನಿಂದ ಆ ಮನೆಯಲ್ಲಿ ಊಟದ ಹೊತ್ತಿಗೂ ಯಾವುದಾದರೊಂದು ರಾಜ್ಯ ಬೀಳುತ್ತಲೇ ಇತ್ತು.

ಸೇನೆ ಮತ್ತೆ ಅಧಿಕಾರ ಕಿತ್ತುಕೊಂಡ ವರ್ಷ ಅಂಗಡಿಗೆ ಬರುವವರ ವಯಸ್ಸು ಇಳಿಯಿತು. ಮುದುಕರ ಬದಲು ಕಾಲೇಜು ಬಿಟ್ಟ ಹುಡುಗ ಹುಡುಗಿಯರು ಬರತೊಡಗಿದರು. ಸಣ್ಣ ಪಡೆಗಳು ಕಾಡಿನಲ್ಲಿದ್ದು ದೊಡ್ಡ ಸೈನ್ಯಗಳನ್ನು ಸುಸ್ತು ಮಾಡಿದ ಕಥೆ ಅವರಿಗೆ ಬೇಕಿತ್ತು. ತನ್ ಲ್ವಿನ್ ಹುಡುಕಿ ಕೊಡುತ್ತಿದ್ದ. ಜೊತೆಗೆ ಆಡಳಿತದ ಮೇಲಿನ ಒಂದು ದಪ್ಪ ಪುಸ್ತಕವನ್ನೂ ಒತ್ತಾಯದಿಂದ ಚೀಲಕ್ಕೆ ತುರುಕುತ್ತಿದ್ದ.

"ಯುದ್ಧ ಗೆಲ್ಲೋದು ಒಂದು ಕೆಲಸ. ಮಾರನೇ ದಿನ ಬೆಳಿಗ್ಗೆ ಊರಿಗೆ ನೀರು ಬಿಡೋದು ಇನ್ನೊಂದು ಕೆಲಸ. ಇದನ್ನೂ ಓದ್ರೋ," ಎನ್ನುತ್ತಿದ್ದ.

ಹುಡುಗರು ನಗುತ್ತಿದ್ದರು. ಆಮೇಲೆ ಒಬ್ಬೊಬ್ಬರಾಗಿ ಬರುವುದನ್ನು ನಿಲ್ಲಿಸಿದರು. ಎಲ್ಲಿಗೆ ಹೋದರೆಂದು ಯಾರೂ ಕೇಳಲಿಲ್ಲ.

ಒಂದು ಮಧ್ಯಾಹ್ನ ತನ್ ಲ್ವಿನ್ ಅನ್ನ ಕಲಸುತ್ತಿದ್ದಾಗ ಸೈನಿಕರು ಬಂದರು. ಕೈ ತೊಳೆಯಲೂ ಬಿಡದೆ ಎಬ್ಬಿಸಿಕೊಂಡು ಹೋದರು. ಪುಸ್ತಕಗಳನ್ನು ಲಾರಿಗೆ ತುಂಬಿದರು. ಹೋಗುವಾಗ ಅವನು ಹೆಂಡತಿಗೆ ಹೇಳಿದ್ದು ಇಷ್ಟೇ: "ಸಾರು ಮುಚ್ಚಿಡು, ಇರುವೆ ಹತ್ತುತ್ತೆ."

ಮರುದಿನ ಕೇರಿಯ ಎರಡೂ ತುದಿಗೆ ಸೈನಿಕರು ಅಡ್ಡ ನಿಂತರು. ಮನೆ ಮನೆ ಹೊಕ್ಕು ಯಾರ್ಯಾರದೋ ಹೆಸರು ಹೇಳಿ ಎಲ್ಲಿದ್ದಾರೆಂದು ಕೇಳಿದರು. ಅಂಥವರು ನಮ್ಮಲ್ಲಿ ಇಲ್ಲ ಎಂದವರಿಗೆ ಬಂದೂಕಿನ ಹಿಡಿಯಿಂದ ಏಟು ಬಿತ್ತು. ಕೊನೆಗೆ ಒಂದು ಹೆಸರಿನವನು ಸಿಕ್ಕಿಯೇ ಬಿಟ್ಟ. ಅವನು ಪೋ ಯಾನ್, ನಿಲ್ದಾಣದ ಮುಂದೆ ಸೈಕಲ್ ರಿಕ್ಷಾ ತುಳಿಯುವವನು, ಎರಡು ಮಕ್ಕಳ ತಂದೆ. ರಾಜಕೀಯದ ಗಂಧವೇ ಇಲ್ಲದ ಅವನನ್ನು ರಿಕ್ಷಾದ ಮೇಲಿಂದ ಎಳೆದುಕೊಂಡು ಹೋದರು. ಪುಸ್ತಕದಂಗಡಿಯವನು ಬಾಯಿ ಬಿಟ್ಟಿದ್ದಾನೆ ಎಂಬ ಮಾತು ಸಂಜೆಯೊಳಗೆ ಕೇರಿಯೆಲ್ಲ ಹರಡಿತು.

ಅದರ ಮಾರನೇ ಬೆಳಿಗ್ಗೆ ನ್ವೆ ಯಿಗೆ ಫೋನ್ ಬಂತು. ಹೃದಯ ನಿಂತುಹೋಯಿತು, ಬಂದು ಒಯ್ಯಿರಿ ಎಂದರು. ಅವಳು ನೋಡಿದ ಮೈಯಲ್ಲಿ ಹೃದಯದ ಕಾಯಿಲೆಯ ಗುರುತು ಯಾವುದೂ ಇರಲಿಲ್ಲ, ಬೇರೆ ಗುರುತುಗಳಿದ್ದವು. ಹೆಬ್ಬೆರಳುಗಳ ಉಗುರು ಹೋಗಿದ್ದವು. ತೋರಿಸಿದ ಕಡೆ ಸಹಿ ಹಾಕಿ ತಂದಳು. ಏಳನೆಯ ದಿನ ಭಿಕ್ಷುಗಳಿಗೆ ಊಟ ಬಡಿಸಿದಾಗ ಕೇರಿಯಿಂದ ಒಬ್ಬರೂ ಬರಲಿಲ್ಲ. ಮಾಡಿದ ಅಡುಗೆ ಹಾಗೇ ಉಳಿಯಿತು. ಪೋ ಯಾನ್ ತಿಂಗಳು ಕಳೆದು ಮನೆಗೆ ಬಂದ, ಆದರೆ ಬಲಗಾಲಿನ ಮಂಡಿ ಮತ್ತೆ ಮಡಚಲಿಲ್ಲ. ಅವನ ಹೆಂಡತಿ ಬೀದಿಯಲ್ಲಿ ನ್ವೆ ಯಿ ಎದುರಾದರೆ ನೆಲಕ್ಕೆ ಉಗುಳುತ್ತಿದ್ದಳು. ನ್ವೆ ಯಿ ತಲೆ ತಗ್ಗಿಸಿ ದಾಟುತ್ತಿದ್ದಳು. ಉಗುರು ಕೀಳುವಾಗ ಯಾರು ತಾನೇ ಬಾಯಿ ಬಿಡದಿರುತ್ತಾರೆ, ಗಂಡ ಬಿಟ್ಟಿದ್ದರೆ ತಪ್ಪೇನು ಎಂದು ಒಬ್ಬಳೇ ವಾದಿಸಿಕೊಳ್ಳುತ್ತಿದ್ದಳು. ಹಾಗೆ ವಾದಿಸಿದಷ್ಟೂ ನಾಚಿಕೆ ಹೆಚ್ಚುತ್ತಿತ್ತು.

ಖಾಲಿ ಕಪಾಟುಗಳಿಗೆ ಅಡುಗೆ, ಜ್ಯೋತಿಷ್ಯ, ಶಾಲೆಯ ಗೈಡುಗಳನ್ನು ತುಂಬಿ ಅವಳು ಅಂಗಡಿ ತೆರೆದಿದ್ದಳು. ಮಳೆಗಾಲ ಮುಗಿಯುವ ಹೊತ್ತಿಗೆ ಲುಂಗಿ ಉಟ್ಟ ಯುವಕನೊಬ್ಬ ಬಂದ. ಕೂದಲು ಸೇನೆಯವರ ಹಾಗೆ ಗಿಡ್ಡಕ್ಕೆ ಕತ್ತರಿಸಿದ್ದು. ಬೀದಿಯ ಕಡೆ ನೋಡಿ, ದನಿ ತಗ್ಗಿಸಿ, ಸೈನ್ಯ ಬಿಟ್ಟು ಓಡಿಹೋದವರ ಗತಿ ಏನಾಯಿತು ಎಂದು ಹೇಳುವ ಪುಸ್ತಕ ಇದೆಯಾ ಎಂದು ಕೇಳಿದ.

ಇದು ಬಲೆ ಎಂದುಕೊಂಡಳು ನ್ವೆ ಯಿ. ಅಂಥ ಪುಸ್ತಕ ಇಟ್ಟಿಲ್ಲ, ನಿಮ್ಮವರೇ ಒಯ್ದಿದ್ದಾರೆ ಎಂದಳು. ಅವನು ಹೊರಡಲಿಲ್ಲ.

"ಅಮ್ಮ, ನಿಮ್ಮ ಯಜಮಾನ್ರು ಹೇಳಿದ ಹೆಸರುಗಳನ್ನ ಬರ್ಕೊಂಡೋನು ನಾನೇ."

ಅವಳು ಕೈಯಲ್ಲಿದ್ದ ಗೋಂದಿನ ಬಟ್ಟಲನ್ನು ಕೆಳಗಿಟ್ಟಳು. ಕೂತುಕೋ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಅವನು ನಿಂತೇ ಹೇಳಿದ.

ಪುಸ್ತಕ ಕೊಂಡವರು ಯಾರು ಎಂದು ಕೇಳಿದಾಗ ತನ್ ಲ್ವಿನ್ ಮೊದಲು ಸುಮ್ಮನಿದ್ದನಂತೆ. ಉಗುರು ಹೋದ ಮೇಲೆ ಹೇಳತೊಡಗಿದ. ಹೆಸರು, ತಂದೆಯ ಹೆಸರು, ಯಾವ ದಿಕ್ಕಿನ ಮನೆ, ಎಲ್ಲವನ್ನೂ ನಿಧಾನವಾಗಿ ಬರೆಸಿದ. ಬೆಳಗಾಗುವವರೆಗೂ ಬರೆದು ಬರೆದು ಯುವಕನ ಬೆರಳು ನೊಂದವು. ಆ ಪಟ್ಟಿ ಹಿಡಿದೇ ಕೇರಿ ಶೋಧಿಸಿದ್ದು. ಸಂಜೆ ಚರಿತ್ರೆ ಓದಿಕೊಂಡಿದ್ದ ಅಧಿಕಾರಿಯೊಬ್ಬ ಬಂದು ಪಟ್ಟಿಯ ಮೇಲೆ ಕಣ್ಣಾಡಿಸಿ ನಕ್ಕುಬಿಟ್ಟ. ಅದರಲ್ಲಿದ್ದುದೆಲ್ಲ ಹಳೆಯ ಆವಾ, ಪೆಗು ರಾಜ್ಯಗಳ ದಂಡನಾಯಕರು, ಮಂತ್ರಿಗಳು. ಬಿರುದು ಸಿಗುವುದಕ್ಕೆ ಮುಂಚಿನ ಅವರ ಹುಟ್ಟು ಹೆಸರುಗಳು. ಎಲ್ಲರೂ ಸತ್ತು ಇನ್ನೂರು ವರ್ಷದ ಮೇಲಾಗಿತ್ತು.

"ಬದುಕಿರೋನ ಹೆಸರು ಒಂದೂ ಇರ್ಲಿಲ್ಲ ಅಮ್ಮ. ಒಂದೂ. ಅಧಿಕಾರಿ ನಕ್ಕ ಮೇಲೆ ನಮ್ಮ ಸಾರ್ಜೆಂಟ್‌ಗೆ ಅವಮಾನ ಆಯ್ತು. ಆಮೇಲೆ ಏನೂ ಕೇಳ್ಲಿಲ್ಲ ಅವನು. ಬರೀ ಹೊಡ್ದ."

"ನೀನು?"

"ಬಾಗಿಲು ಹಿಡ್ಕೊಂಡು ನಿಂತಿದ್ದೆ."

ಹೊರಗೆ ಶಾಲೆ ಬಿಟ್ಟ ಮಕ್ಕಳು ಕೂಗಾಡಿಕೊಂಡು ಹೋದರು. ಅವನು ಮತ್ತೆ ಓಡಿಹೋದವರ ವಿಷಯ ಎತ್ತಿದಾಗ, ಗಂಡ ಇದೇ ಅಂಗಡಿಯಲ್ಲಿ ಕೂತು ಅದರ ಮೇಲೆ ಗಂಟೆಗಟ್ಟಲೆ ಕೊರೆದದ್ದು ಅವಳಿಗೆ ನೆನಪಾಯಿತು.

"ಮೊದ್ಲೇ ಬಿಟ್ಟು ಹೋದೋರಲ್ಲಿ ಒಂದಷ್ಟು ಜನ ಉಳ್ಕೊಂಡ್ರಂತೆ. ಕೊನೇ ಗಳಿಗೇಲಿ ಓಡಿದೋರನ್ನ ಎರಡು ಕಡೆಯೋರೂ ಕೊಂದ್ರಂತೆ. ಎಲ್ಲಾ ದೇಶದಲ್ಲೂ ಹಾಗೇನೇ ಅಂತಿದ್ರು ಅವರು," ಎಂದಳು. ಆಮೇಲೆ ಸೇರಿಸಿದಳು, "ಹೇಳಿದೆ ಅಂತ ನಿನ್ನ ಕ್ಷಮಿಸಿದೀನಿ ಅನ್ಕೋಬೇಡ."

ಅವನು ತಲೆಯಾಡಿಸಿ ಹೊರಟುಹೋದ. ಒಬ್ಬ ಸೈನಿಕ ಬಂದೂಕಿನ ಸಮೇತ ಕಾಣೆಯಾಗಿದ್ದಾನೆಂದು ಕೆಲವು ವಾರಗಳ ಮೇಲೆ ಚಹಾದಂಗಡಿಯಲ್ಲಿ ಮಾತು ಬಂತು. ಇವನೋ ಇನ್ನೊಬ್ಬನೋ ಅವಳಿಗೆ ತಿಳಿಯಲಿಲ್ಲ.

ಆ ಯುವಕ ಬಂದುಹೋದ ರಾತ್ರಿ ಅವಳು ಗಂಡನಿಗಾಗಿ ಅತ್ತಳು, ಅವನು ಸತ್ತ ಮೇಲೆ ಮೊದಲ ಸಲ ಅವನ ಬಗ್ಗೆ ನಾಚಿಕೆಪಡದೆ ಅತ್ತಳು. ಬೆಳಿಗ್ಗೆ ಎದ್ದಾಗ ಪೋ ಯಾನ್‌ನ ಕಾಲು ಕಣ್ಣಮುಂದೆ ಬಂತು. ಹುಡುಗರನ್ನು ಉಳಿಸಲು ಗಂಡ ಸತ್ತವರ ಮೊರೆ ಹೋಗಿದ್ದ. ಅವರಲ್ಲೊಬ್ಬನ ಹೆಸರು ಹೊತ್ತವನು ಎರಡು ಬೀದಿ ಆಚೆ ಬದುಕಿದ್ದಾನೆ ಎಂಬುದು ಆ ನೋವಿನಲ್ಲಿ ಅವನಿಗೆ ಹೊಳೆದಿರಲಿಕ್ಕಿಲ್ಲ. ಅಥವಾ ಹೊಳೆದಿತ್ತೋ ಏನೋ. ಅದನ್ನು ಹೇಳುವವರು ಯಾರೂ ಉಳಿದಿರಲಿಲ್ಲ.

ಪೋ ಯಾನ್ ಮನೆ ಮುಂದೆ ಕಾಲು ಚಾಚಿ ಕೂತು ಬಿದಿರು ಸೀಳುತ್ತಿದ್ದ. ಅವನ ಹೆಂಡತಿ ಬಾಗಿಲಿಗೆ ಬಂದವಳು ಒಳಗೆ ಹೋಗಿಬಿಟ್ಟಳು. ನ್ವೆ ಯಿ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ಗಂಡನ ತಪ್ಪನ್ನು ಮುಚ್ಚಲಿಲ್ಲ. ಅವನು ಚೂರಿ ನಿಲ್ಲಿಸದೆ ಕೇಳಿದ. ಎಲ್ಲ ಮುಗಿದ ಮೇಲೆ ತಾನೇ ಪ್ರಶ್ನೆ ಹಾಕಿದ.

"ನನ್ನ ಹೆಸರಿನೋನು ಯಾರಾಗಿದ್ದ?"

"ದಂಡನಾಯಕ. ಪೆಗುವಿನ ಕಡೆಯೋನು."

"ಗೆದ್ನಾ?"

ಗಂಡ ಅಂಗಡಿಯಲ್ಲಿ ಆ ಕಥೆ ಹೇಳಿದ್ದು ನೆನಪಿತ್ತು. ಸುಳ್ಳು ಹೇಳೋಣ ಎನಿಸಿತು ಅವಳಿಗೆ. ಹೇಳಲಾಗಲಿಲ್ಲ.

"ಇಲ್ಲಪ್ಪ. ಸೋತ. ಆನೆ ಕಾಲಿಗೆ ಹಾಕಿದ್ರಂತೆ."

ಪೋ ಯಾನ್ ತನ್ನ ಮಡಚದ ಮಂಡಿಯನ್ನು ಎರಡೂ ಕೈಯಿಂದ ಎತ್ತಿ ಪಕ್ಕಕ್ಕಿಟ್ಟುಕೊಂಡು ಮತ್ತೆ ಬಿದಿರು ಸೀಳತೊಡಗಿದ. ಇನ್ನು ಹೋಗಿ ಎಂದು ಮೆತ್ತಗೆ ಹೇಳಿದ. ಅವಳು ಎದ್ದು ಬೀದಿಗಿಳಿದಳು. ಈ ಸಲ ಹಿಂದಿನಿಂದ ಯಾರೂ ಉಗುಳಲಿಲ್ಲ.