ಅಲೆ ಬಂದಾಗಿನ ಗಂಟೆ

ರಜೆಗೆ ಬಂದವರಿಗೆ ಬೆಳಿಗ್ಗೆ ಅಕ್ಕ ನಮ್ಮ ಭಾಷೆ ಕಲಿಸುವುದು, ಮಧ್ಯಾಹ್ನ ನಾನು ಹಲಗೆಯ ಮೇಲೆ ನಿಂತು ಅಲೆ ಸವಾರಿ ಮಾಡುವುದನ್ನು ಕಲಿಸುವುದು. ನಮ್ಮ ಕಡಲತೀರದ ಶಾಲೆ ಶುರುವಾದದ್ದು ಹೀಗೆ. ಆದರೆ ಒಳ್ಳೆಯ ಅಲೆ ಮಧ್ಯಾಹ್ನದವರೆಗೆ ಕಾಯುತ್ತದೆಯೇ? ಅದು ಎದ್ದಿತೆಂದರೆ, ಪಾಠದ ನಡುವೆಯೇ ಗಂಟೆ ಬಾರಿಸಿಬಿಡುತ್ತಿದ್ದೆ. ಇಡೀ ಕ್ಲಾಸು ದಡಬಡ ಎದ್ದು ನೀರಿಗೆ ಓಡುತ್ತಿತ್ತು. ಅಕ್ಕ ಅರ್ಧ ಬರೆದ ವಾಕ್ಯದ ಮುಂದೆ ಚಾಕ್‌ಪೀಸ್ ಹಿಡಿದು ನಿಂತಿರುತ್ತಿದ್ದಳು.

"ಇನ್ನೊಂದು ಹತ್ತು ನಿಮಿಷ ತಡ್ಕೊಳೋ," ಎನ್ನುತ್ತಿದ್ದಳು.

"ನಿನ್ನ ಪಾಠ ಎಲ್ಲಿಗೂ ಓಡಿಹೋಗಲ್ಲ ಬಿಡಕ್ಕಾ!" ಎಂದು ರೇಗುತ್ತಿದ್ದೆ.

ಪಾಠ ಓಡಿಹೋಗಲಿಲ್ಲ, ಅಕ್ಕ ಹೋದಳು. ಆರು ವರ್ಷ ಸಹಿಸಿಕೊಂಡು, ಕೊನೆಗೆ ಸಮುದ್ರವೇ ಇಲ್ಲದ ಊರಿನ ಶಾಲೆಯೊಂದರಲ್ಲಿ ಕೆಲಸ ಹಿಡಿದಳು. ಅವಳ ಜಾಗಕ್ಕೆ ಬಂದ ಮೇಷ್ಟ್ರುಗಳು ಯಾರೂ ತಿಂಗಳು ನಿಲ್ಲಲಿಲ್ಲ. ನನ್ನ ಗಂಟೆಯ ಮುಂದೆ ಯಾರು ತಾನೇ ನಿಂತಾರು?

ಮೊನ್ನೆ ಬಿಗುಮಾನ ಬಿಟ್ಟು ಅವಳಿಗೆ ಫೋನ್ ಮಾಡಿದೆ.

"ತಪ್ಪಾಯ್ತು, ವಾಪಸ್ ಬಂದ್ಬಿಡಕ್ಕಾ. ಆ ಹಾಳು ಗಂಟೇನ ಸಮುದ್ರಕ್ಕೆ ಎಸೀತೀನಿ."

ಅಕ್ಕ ಮೆಲ್ಲಗೆ ನಕ್ಕಳು. "ಗಂಟೆ ಏನ್ ಮಾಡ್ತೋ ಪಾಪ? ಇಲ್ಲೂ ಒಂದಿದೆ. ಪಾಠ ಮುಗಿದ ಮೇಲೆ ಹೊಡೀತಾರೆ, ಅಷ್ಟೆ."